ಮಲಗಿದರೆ ಏಳದ ಫ್ಯಾನು

ಫ್ಯಾನಿನ ಕೆಳಗೆ ಕೂತು ಪಾಠ ಹೇಳಿದ ಮಾಸ್ತರುಗಳು ಈ ನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಫ್ಯಾನನ್ನು ಕೋಲಿನಿಂದ ತಿವಿದು ಎಬ್ಬಿಸಿ, ಅದು ಎದ್ದದ್ದು ಖಾತ್ರಿಯಾದ ಮೇಲೆ ಪಾಠ ಮುಂದುವರಿಸಿದ ಮಾಸ್ತರ ನಾನು. ಹೆಚ್ಚುಕಡಿಮೆ ಒಂದು ಇಡೀ ವರ್ಷ ಹಾಗೆ ಮಾಡಿದ್ದೇನೆ. ಆ ಕೋಲು ಭೂಪಟ ತೋರಿಸಲೆಂದು ಶಾಲೆಗೆ ಬಂದದ್ದು. ಅದರಿಂದ ಹಿಮಾಲಯ ತೋರಿಸಿದ್ದು ವರ್ಷಕ್ಕೆ ಎರಡು ಸಲ, ಫ್ಯಾನು ತಿವಿದದ್ದು ದಿನಕ್ಕೆ ನಾಲ್ಕಾರು ಸಲ. ಹೀಗಾಗಿ ಮಕ್ಕಳೂ ನಾನೂ ಅದನ್ನು ಫ್ಯಾನಿನ ಕೋಲು ಎಂದೇ ಕರೆಯುತ್ತಿದ್ದೆವು. ತಪಾಸಣೆಗೆ ಸಾಹೇಬರು ಬಂದ ದಿನ ಮಾತ್ರ ಅದು ಭೂಪಟದ ಕೋಲಾಗುತ್ತಿತ್ತು.

ಶಾಲೆ ಇದ್ದದ್ದು ಸಿಂಧನೂರು ಮತ್ತು ಮಸ್ಕಿಯ ನಡುವೆ, ಡಾಂಬರು ರಸ್ತೆ ಬಿಟ್ಟು ಒಳಗೆ ನಡೆದರೆ ಸಿಗುವ ಒಂದು ಹಳ್ಳಿಯಲ್ಲಿ. ತೊಂಬತ್ತರ ದಶಕ ಆಗಷ್ಟೇ ಕಣ್ಣುಬಿಟ್ಟಿತ್ತು. ಊರಿಗೆ ಕಾಲುವೆಯ ನೀರು ಬಂದಿತ್ತು, ನೀರಿನ ಹಿಂದೆ ಭತ್ತ ಬಂದಿತ್ತು, ಭತ್ತದ ಹಿಂದೆ ಕರೆಂಟೂ ಬಂದಿತ್ತು. ಆದರೆ ಕರೆಂಟು ನೆಂಟರ ಹಾಗೆ, ಬಂದಷ್ಟೇ ಬೇಗ ಹೋಗುತ್ತಿತ್ತು. ಅದು ಹೋದಾಗ ಫ್ಯಾನು ನಿಲ್ಲುತ್ತಿತ್ತು. ಇದರಲ್ಲಿ ಫ್ಯಾನಿನ ತಪ್ಪೇನೂ ಇಲ್ಲ. ತಕರಾರು ಇದ್ದದ್ದು ಕರೆಂಟು ತಿರುಗಿ ಬಂದ ಮೇಲೆ. ಊರಿನ ಗಿರಣಿ ಎದ್ದು ಕೂಗುತ್ತಿತ್ತು, ಚಹಾದಂಗಡಿಯ ರೇಡಿಯೋ ಎದ್ದು ಹಾಡುತ್ತಿತ್ತು. ನಮ್ಮ ಫ್ಯಾನು ಮಾತ್ರ ಗುಂಯ್ ಎಂದು ನರಳುತ್ತ ಇದ್ದಲ್ಲೇ ಇರುತ್ತಿತ್ತು. ನಾನು ಮೇಜು ಹತ್ತಿ ಕೋಲಿನಿಂದ ಅದರ ಒಂದು ರೆಕ್ಕೆಗೆ ಮೆಲ್ಲಗೆ ತಟ್ಟಿದರೆ, ಓಹೋ ಹೌದಲ್ಲ ಎಂದು ನೆನಪಾದಂತೆ ತಿರುಗತೊಡಗುತ್ತಿತ್ತು. ಆಮೇಲೆ ಕರೆಂಟು ಮತ್ತೆ ಹೋಗುವವರೆಗೆ ಅದರಷ್ಟು ನಿಷ್ಠೆಯಿಂದ ಕೆಲಸ ಮಾಡುವವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ, ನನ್ನನ್ನೂ ಸೇರಿಸಿ.

ಫ್ಯಾನನ್ನು ನೋಡಿ ನಗುವ ಯೋಗ್ಯತೆ ನನಗಿರಲಿಲ್ಲ. ನಾನೂ ಅದೇ ಜಾತಿಯವನು. ಮುಂಜಾನೆ ಒಮ್ಮೆ ಎದ್ದುಬಿಟ್ಟರೆ ಸಂಜೆಯವರೆಗೂ ಓಡಾಡಬಲ್ಲೆ, ಆದರೆ ಆ ಏಳುವುದೊಂದು ನನ್ನಿಂದ ಆಗುವುದಿಲ್ಲ. ನಮ್ಮ ಮನೆಯಾಕೆ ಮೊದಲು ಕರೆಯುತ್ತಾಳೆ, ಆಮೇಲೆ ಪಾತ್ರೆ ಸದ್ದು ಮಾಡುತ್ತಾಳೆ, ಕೊನೆಗೆ ಹೊದಿಕೆ ಎಳೆಯುತ್ತಾಳೆ. ಇದು ನಾಚಿಕೆಯ ವಿಷಯವೇ ಅಲ್ಲ ಎಂದು ಅವಳಿಗೆ ಅನೇಕ ಸಲ ವಿವರಿಸಿದ್ದೇನೆ. ದೊಡ್ಡವರೆಲ್ಲ ಇನ್ನೊಬ್ಬರಿಂದ ಎಬ್ಬಿಸಿಕೊಂಡೇ ಎದ್ದವರು. ರಾಜರನ್ನು ಎಬ್ಬಿಸಲು ಸಂಬಳ ಕೊಟ್ಟು ಹೊಗಳುಭಟರನ್ನು ಇಟ್ಟಿದ್ದರು. ದೇವರಿಗಂತೂ ದಿನಾ ಸುಪ್ರಭಾತ ಬೇಕು. ಆಷಾಢದಲ್ಲಿ ಮಲಗಿದ ವಿಷ್ಣು ಕಾರ್ತಿಕದಲ್ಲಿ ಏಳುತ್ತಾನೆ, ಅದೂ ಭಕ್ತರು ಸೇರಿ ಏಳಪ್ಪಾ ಎಂದು ಪೂಜೆ ಮಾಡಿದ ಮೇಲೆ. ಇಷ್ಟೆಲ್ಲ ಕೇಳಿದ ನಮ್ಮಾಕೆ, “ದೇವರಿಗೆ ಎಂಟೂವರಿ ಬಸ್ ಇರಂಗಿಲ್ರೀ” ಎಂದು ಹೊದಿಕೆ ಮಡಚಿ ಇಡುತ್ತಾಳೆ.

ತಿವಿಯುತ್ತ ತಿವಿಯುತ್ತ ನಾನು ಒಂದು ಸಂಶೋಧನೆಯನ್ನೂ ಮಾಡಿದೆ. ಆ ಫ್ಯಾನನ್ನು ಯಾವ ಕಡೆಗೆ ತಟ್ಟಿದರೆ ಆ ಕಡೆಗೇ ತಿರುಗುತ್ತಿತ್ತು. ಬಲಕ್ಕೆ ತಟ್ಟಿದರೆ ಬಲಕ್ಕೆ, ಎಡಕ್ಕೆ ತಟ್ಟಿದರೆ ಎಡಕ್ಕೆ. ಸ್ವಂತ ಅಭಿಪ್ರಾಯ ಅನ್ನುವುದೇ ಇರಲಿಲ್ಲ. ಇದು ಗೊತ್ತಾಗುವ ಮೊದಲು ಒಂದು ವಾರ ನಾನು ಅದನ್ನು ಉಲ್ಟಾ ಓಡಿಸಿದ್ದೆ. ಫ್ಯಾನು ಭರಭರ ತಿರುಗುತ್ತಿದೆ, ಮಕ್ಕಳು ಬೆವರುತ್ತಿದ್ದಾರೆ, ನಾನು ಬೆವರುತ್ತಿದ್ದೇನೆ, ಗಾಳಿಯೆಲ್ಲ ಮಾಳಿಗೆಯ ಕಡೆಗೆ ಹೋಗುತ್ತಿದೆ. ಮೇಲೆ ವಾಸವಾಗಿದ್ದ ಹಲ್ಲಿಗಳಿಗೆ ಆ ವಾರ ಬಹಳ ಸುಖವಾಗಿ ಹೋಯಿತು.

ರಿಪೇರಿಯನ್ನು ನಾನೇ ಮಾಡಲು ಹೋಗಲಿಲ್ಲವೇ ಎಂದರೆ, ಹೋದೆ. ನನಗೆ ಗೊತ್ತಿದ್ದ ರಿಪೇರಿ ಒಂದೇ, ಎಣ್ಣೆ ಬಿಡುವುದು. ಬಾಗಿಲು ಕಿರುಗುಟ್ಟಿದರೂ ಎಣ್ಣೆ, ಸೈಕಲ್ಲು ಕಿರುಗುಟ್ಟಿದರೂ ಎಣ್ಣೆ, ಮಕ್ಕಳ ಕಿವಿ ನೋವಾದರೂ ಎಣ್ಣೆ. ಮನೆಯಿಂದ ಕುಸುಬಿ ಎಣ್ಣೆ ತಂದು ಫ್ಯಾನಿನ ನೆತ್ತಿಗೆ ಧಾರಾಳವಾಗಿ ಬಿಟ್ಟೆ. ಅಭ್ಯಂಜನ ಮಾಡಿಸಿಕೊಂಡ ಫ್ಯಾನು ಆಮೇಲೂ ತಾನಾಗಿ ಏಳಲಿಲ್ಲ. ಎಬ್ಬಿಸಿದ ಮೇಲೆ ಮಾತ್ರ ಆ ಎಣ್ಣೆಯನ್ನು ಹನಿಹನಿಯಾಗಿ ಎಲ್ಲರ ತಲೆಗೂ ಸಮನಾಗಿ ಹಂಚಿತು. ತಾಯಂದಿರು ಸಂತೋಷಪಟ್ಟರು. ನನ್ನ ಅಂಗಿಯ ಬೆನ್ನಿನ ಮೇಲೆ ಬಿದ್ದ ಹನಿಗಳು ಇವತ್ತಿಗೂ ಹೋಗಿಲ್ಲ.

ಇಷ್ಟಾದರೂ ಅದನ್ನು ಇಳಿಸಿ ಸಿಂಧನೂರಿಗೆ ಒಯ್ಯದೆ ಇದ್ದದ್ದಕ್ಕೆ ಕಾರಣ ಸೋಮಾರಿತನ. ಅದು ನೀಗಿದ್ದು ಹುಲಿಗೆಮ್ಮನಿಂದ. ಹುಲಿಗೆಮ್ಮ ಯಾರೆಂದು ಹೇಳಬೇಕಾದರೆ ಆ ಫ್ಯಾನು ಶಾಲೆಗೆ ಬಂದ ದಿನಕ್ಕೆ ಹೋಗಬೇಕು.

ಆಗ ನಾನು ಲಿಂಗಸುಗೂರಿನಿಂದ ವರ್ಗವಾಗಿ ಬಂದು ಇಪ್ಪತ್ತು ದಿನವೂ ಆಗಿರಲಿಲ್ಲ. ಮಸ್ಕಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆ, ಟ್ರಂಕು ಇನ್ನೂ ಬಿಚ್ಚಿರಲಿಲ್ಲ. ಒಂದು ದಿನ ಮಧ್ಯಾಹ್ನ ಸುಮಾರು ಅರವತ್ತು ವರ್ಷದ ಒಬ್ಬ ಹೆಣ್ಣುಮಗಳು ದೊಡ್ಡದೊಂದು ರಟ್ಟಿನ ಡಬ್ಬಿಯನ್ನು ತಲೆಯ ಮೇಲೆ ಹೊತ್ತುಕೊಂಡು ಶಾಲೆಯ ಮೆಟ್ಟಿಲು ಹತ್ತಿ ಬಂದಳು. ಕಾಲಿನ ಕೆಸರು ಇನ್ನೂ ಆರಿರಲಿಲ್ಲ. ಭತ್ತ ನಾಟಿಗೆ ಹೋಗಿ ದುಡಿಯುವವಳು. ಅವಳ ಗಂಡ ಕಾಲುವೆಯ ನೀರನ್ನು ಹೊಲಹೊಲಕ್ಕೆ ಪಾಳಿ ಪ್ರಕಾರ ತಿರುಗಿಸುವ ನೀರಗಂಟಿಯಾಗಿದ್ದ, ತೀರಿಕೊಂಡು ಒಂದು ವರ್ಷವಾಗಿತ್ತು. ಊರಿಗೆಲ್ಲ ಅವನು ನೀರಗಂಟಿ ತಾತ. ಬಿಸಿಲು ಹೊತ್ತಿನಲ್ಲಿ ಶಾಲೆಯ ಕಟ್ಟೆಯ ಮೇಲೆ ಕೂತು ತಲೆಯ ರುಮಾಲು ಬಿಚ್ಚಿ ಗಾಳಿ ಹಾಕಿಕೊಳ್ಳುತ್ತಿದ್ದನಂತೆ. ಡಬ್ಬಿ ಕೆಳಗಿಟ್ಟು ಹುಲಿಗೆಮ್ಮ ಹೇಳಿದಳು: “ಮಾಸ್ತರ್ರೀ, ಇದು ಗಾಳಿ ಪಂಕಾ. ಸಾಲ್ಯಾಗ ಹಾಕ್ರಿ. ಅವರ ಹೆಸರ ಇದರ ಮ್ಯಾಲ ಬರಸ್ರಿ.”

ನಮ್ಮ ಕಡೆ ಇದೊಂದು ಪದ್ಧತಿ. ಗುಡಿಗೆ, ಮಠಕ್ಕೆ, ಶಾಲೆಗೆ ಫ್ಯಾನು ಕೊಟ್ಟವರು ಅದರ ರೆಕ್ಕೆಗಳ ಮೇಲೆ ಹೆಸರು ಬರೆಸುತ್ತಾರೆ. ಮೂರು ರೆಕ್ಕೆ, ಮೂರು ಸಾಲು. ಫ್ಯಾನು ತಿರುಗುವಾಗ ಆ ಹೆಸರು ಯಾರಿಗೂ ಕಾಣುವುದಿಲ್ಲ, ನಿಂತಾಗ ಕಾಣುತ್ತದೆ. ದಾನಿಯ ಹೆಸರು ಓದಿಕೊಳ್ಳಬೇಕಾದರೆ ಬೆವರಲೇಬೇಕು. ಈ ಪದ್ಧತಿ ಮಾಡಿದವರು ಬಹಳ ವಿಚಾರವಂತರು, ಅಥವಾ ವಿಚಾರವನ್ನೇ ಮಾಡಿರಲಿಲ್ಲ.

“ಬರಸೋಣ ಯಮ್ಮಾ. ಮತ್ತ ನಿಮ್ಮ ಹೆಸರೂ ಬರಸೋಣು” ಎಂದೆ.

“ನಂದು ಇದ್ರೂ ನಡೀತೈತಿ, ಇಲ್ಲದಿದ್ರೂ ನಡೀತೈತಿ. ಅವರ್ದು ಬೇಕ್ರೀ. ನಮಗ ಮಕ್ಕಳಿಲ್ಲ, ಅವರ ಹೆಸರ ಹೇಳವ್ರು ಯಾರೂ ಇಲ್ಲ. ನಾನಂತೂ ಹೇಳಂಗಿಲ್ಲ. ಈ ಹುಡುಗ್ರರ ಓದ್ಲಿ, ಅವರ ಬಾಯಾಗರ ಇರ್ಲಿ.”

ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಗಾಳಿ ನಮಗೆ, ಹೆಸರು ಅವಳಿಗೆ.

“ಏನು ಹೆಸರು?” ಎಂದು ಕೇಳಿದೆ. ಕೇಳಬಾರದಿತ್ತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ ಹೆಣ್ಣುಮಕ್ಕಳ ನಾಡು ಇದು. ಹುಲಿಗೆಮ್ಮ ಸೆರಗು ಬಾಯಿಗೆ ಹಿಡಿದು ಗೋಡೆ ನೋಡಿದಳು. ಗೋಡೆಗೇ ಹೇಳುವಂತೆ, “ಗುಡ್ಡದ ದೇವರ ಹೆಸರ್ರೀ” ಎಂದಳು.

ಇಂಥ ಸನ್ನೆ ಬಿಡಿಸುವುದರಲ್ಲಿ ನಾನು ಪಳಗಿದವನು ಎಂಬ ಹೆಮ್ಮೆ ನನಗಿತ್ತು. ಜೂನ್ ತಿಂಗಳಲ್ಲಿ ಮಕ್ಕಳ ಹೆಸರು ಹಚ್ಚಲು ತಾಯಂದಿರು ಬರುತ್ತಾರೆ. ತಂದೆಯ ಹೆಸರು ಕೇಳಿದರೆ ಒಬ್ಬಳು, ‘ಶನಿವಾರದ ದೇವರು’ ಎನ್ನುತ್ತಾಳೆ, ಇನ್ನೊಬ್ಬಳು, ‘ಹೊತ್ತು ಮೂಡ್ತಾನಲ್ರೀ, ಅವ’ ಎನ್ನುತ್ತಾಳೆ. ನಾನು ತಡವರಿಸದೆ ಹನುಮಂತಪ್ಪ, ಸೂರ್ಯಪ್ಪ ಎಂದು ಬರೆದುಕೊಳ್ಳುತ್ತಿದ್ದೆ. ಅನುಮಾನ ಬಂದರೆ ಪಕ್ಕದಲ್ಲಿ ಮೂಗು ಒರೆಸುತ್ತ ನಿಂತ ಮಗನೇ ಅಪ್ಪನ ಹೆಸರು ಕೂಗಿ ಹೇಳಿಬಿಡುತ್ತಿದ್ದ. ಹುಲಿಗೆಮ್ಮನ ಪಕ್ಕದಲ್ಲಿ ಅಂಥ ಮಗ ಇರಲಿಲ್ಲ. ಆದರೆ ಗುಡ್ಡದ ದೇವರು ಎಂದರೆ ಯಾರು ಎಂದು ಲಿಂಗಸುಗೂರು ಕಡೆಯವನಿಗೆ ಹೇಳಿಕೊಡಬೇಕೇ? ನಮ್ಮ ಗುರುಗುಂಟದ ಗುಡ್ಡಗಳ ನಡುವೆ ಇರುವ ಅಮರೇಶ್ವರ. ನಾನು ಓದಿದ ಶಾಲೆಯಲ್ಲಿ ಸಾಲಿಗಿಬ್ಬರು ಅಮರೇಶರಿದ್ದರು. ಚೀಟಿಯ ಮೇಲೆ ದುಂಡಗೆ ಬರೆದೆ: ದಿವಂಗತ ಅಮರಪ್ಪ. ದಿವಂಗತ ಎಂದು ಬರೆದ ಕೈ ಅಮರ ಎಂದು ಮುಂದುವರಿಯುವಾಗಲಾದರೂ ನನಗೆ ಒಂದು ಸಣ್ಣ ಅನುಮಾನ ಬರಬೇಕಿತ್ತು. ಬರಲಿಲ್ಲ.

ಸಿಂಧನೂರಿನ ಬೋರ್ಡು ಬರೆಯುವ ಪೇಂಟರು ಕೆಂಪು ಬಣ್ಣದಲ್ಲಿ ಚೆಂದವಾಗಿ ಬರೆದುಕೊಟ್ಟ. ಒಂದು ರೆಕ್ಕೆಗೆ ‘ದಿವಂಗತ ಅಮರಪ್ಪ’, ಎರಡನೆಯದಕ್ಕೆ ‘ಇವರ ಸ್ಮರಣಾರ್ಥ’, ಮೂರನೆಯದಕ್ಕೆ ‘ಧರ್ಮಪತ್ನಿ ಹುಲಿಗೆಮ್ಮ’. ಫ್ಯಾನು ಹಾಕಿದ ದಿನ ಹುಲಿಗೆಮ್ಮ ಬಂದು ಬಾಗಿಲಲ್ಲಿ ನಿಂತಳು. ಸ್ವಿಚ್ಚು ಹಾಕಿದ ಕೂಡಲೇ ಮಕ್ಕಳು ಚಪ್ಪಾಳೆ ತಟ್ಟಿದರು, ಹೆಸರು ತಿರುಗಿ ತಿರುಗಿ ಕೆಂಪು ಗೆರೆಯಾಗಿ ಹೋಯಿತು. ಅವಳು ಕಣ್ಣು ಒರೆಸಿಕೊಂಡು ಮತ್ತೆ ಗದ್ದೆಗೆ ಹೋದಳು. ಆಮೇಲೆ ಶಾಲೆಯ ಹೊತ್ತಿನಲ್ಲಿ ಅವಳು ಬಂದದ್ದು ಕಡಿಮೆ. ಸಂಜೆ ಕೆಲಸದಿಂದ ಬರುವಾಗ ಕಿಟಕಿಯ ಸರಳು ಹಿಡಿದು, ತಿರುಗದೆ ನಿಂತಿದ್ದ ಫ್ಯಾನನ್ನು ನೋಡಿ ಕೈಮುಗಿದು ಹೋಗುತ್ತಾಳೆಂದು ಮಕ್ಕಳು ಹೇಳುತ್ತಿದ್ದರು. ಅವಳಿಗೆ ಓದಲು ಬರುತ್ತಿರಲಿಲ್ಲ.

ಊರವರು ಯಾರೂ ಗಮನಿಸಲಿಲ್ಲವೇ ಎಂದು ನೀವು ಕೇಳಬಹುದು. ಒಬ್ಬ ಹಿರಿಯರು ಒಮ್ಮೆ ಕತ್ತೆತ್ತಿ ನೋಡಿ, “ಯಾರಪಾ ಈ ಅಮರಪ್ಪ?” ಎಂದು ಕೇಳಿದ್ದರು. “ಏನ್ರೀ ಹಿರ್ಯಾರ, ನಿಮ್ಮೂರ ನೀರಗಂಟಿ ತಾತನ ಹೆಸರು ನಿಮಗ ಗೊತ್ತಿಲ್ಲೇನು?” ಎಂದು ನಾನೇ ಅವರಿಗೆ ಪಾಠ ಹೇಳಿದೆ. ಅವರು ಹೌದೌದು ಎಂದು ಹೋದರು. ಅವರದೂ ತಪ್ಪಲ್ಲ. ನಮ್ಮಲ್ಲಿ ತೊಟ್ಟಿಲಿನ ಹೆಸರು ಒಂದು, ಕರೆಯುವ ಹೆಸರು ಒಂದು, ಮತದಾರರ ಪಟ್ಟಿಯ ಹೆಸರು ಇನ್ನೊಂದು. ಮಾಸ್ತರರೇ ಬರೆಸಿದ್ದಾರೆಂದರೆ ಅದು ಕಾಗದಪತ್ರದ ಹೆಸರಿರಬೇಕು ಎಂದುಕೊಂಡರಂತೆ.

ಎರಡು ವರ್ಷ ಫ್ಯಾನು ಚೆನ್ನಾಗಿ ಓಡಿತು. ಮೂರನೆಯ ವರ್ಷ ನಾನು ಮೊದಲು ಹೇಳಿದ ಏಳಲಾರದ ರೋಗ ಹತ್ತಿತು. ಹಾಗೆ ಅದು ಮಲಗಿದಾಗ ನಾನು ಪ್ರತಿಸಲವೂ ಮೇಜು ಹತ್ತುತ್ತಿರಲಿಲ್ಲ. ಮೈ ಭಾರವಾದ ದಿನ, ಒಂದನೇ ತರಗತಿಯ ಮಕ್ಕಳನ್ನು ಕೂಡಿಸಿ, “ಮ್ಯಾಲ ನೋಡ್ರಿ, ಓದ್ರಿ” ಎನ್ನುತ್ತಿದ್ದೆ. ಕಪ್ಪು ಹಲಗೆಯ ಮೇಲೆ ಬರೆಯುವ ಶ್ರಮವೂ ಉಳಿಯಿತು. ಮಕ್ಕಳು ಅಂಗಾತ ಮಲಗಿದವರ ಹಾಗೆ ಕತ್ತು ಹಿಂದಕ್ಕೆ ಹಾಕಿ ಒಂದೊಂದೇ ಅಕ್ಷರ ಹೇಳಿ, ಆಮೇಲೆ ಕೂಡಿಸಿ ಹೇಳುತ್ತಿದ್ದವು. ದಿ, ವಂ, ಗ, ತ. ದಿವಂಗತ. ಅ, ಮ, ರ, ಪ್ಪ. ಅಮರಪ್ಪ. ಆ ವರ್ಷ ನಮ್ಮ ಶಾಲೆಯ ಮಕ್ಕಳು ಅಪ್ಪ, ಅವ್ವ, ಆಕಳು ಎಂಬ ಪದಗಳಿಗಿಂತ ಮೊದಲು ದಿವಂಗತ ಎಂಬುದನ್ನು ಓದಲು ಕಲಿತವು.

ಅಂಥದೇ ಒಂದು ಮಧ್ಯಾಹ್ನ ಹುಲಿಗೆಮ್ಮ ಹುಲ್ಲಿನ ಹೊರೆ ಹೊತ್ತು ಶಾಲೆಯ ಮುಂದೆ ಹಾಯ್ದು ಹೋಗುತ್ತಿದ್ದಳು. ಮೂವತ್ತು ಮಕ್ಕಳು ಒಂದೇ ದನಿಯಲ್ಲಿ ಓದುವುದು ಕೇಳಿ ಹೊರೆ ಇಳಿಸಿ ಬಾಗಿಲಿಗೆ ಬಂದಳು. ಮಕ್ಕಳು ಮತ್ತೊಮ್ಮೆ ಓದಿದವು. ಅವಳು ನಗುನಗುತ್ತ ಕೇಳಿದಳು: “ಚಲೋ ಓದ್ತಾವ್ರೀ. ಯಾವ ಪಾಠ ಇದು?”

“ಪಾಠ ಅಲ್ಲ ಯಮ್ಮಾ, ನಿಮ್ಮ ಫ್ಯಾನಿನ ಮ್ಯಾಲಿಂದು” ಎಂದು ಹೆಮ್ಮೆಯಿಂದ ಹೇಳಿದೆ.

ಅವಳು ಮೇಲೆ ನೋಡಿದಳು, ಮಕ್ಕಳನ್ನು ನೋಡಿದಳು, ನನ್ನನ್ನು ನೋಡಿದಳು. “ಅಮರಪ್ಪ ಯಾರ್ರೀ?” ಎಂದಳು.

ಅವಳಿಗೆ ಸಿಟ್ಟು ಬಂದಿದ್ದರೆ ನನಗೆ ಹಗುರಾಗುತ್ತಿತ್ತು. ಬರಲಿಲ್ಲ. ಲೆಕ್ಕ ತಪ್ಪಿದವರ ಹಾಗೆ ಫ್ಯಾನನ್ನೇ ನೋಡಿ, “ಹಂಗಾರ ಇಷ್ಟು ದಿನ ನಾ ಕೈ ಮುಗದಿದ್ದು ಯಾರಿಗೆ ಮಾಸ್ತರ?” ಎಂದು ಕೇಳಿದಳು. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ ಹಾಗಿತ್ತು. ಮಾಸ್ತರಿಕೆಯ ಅಷ್ಟು ವರ್ಷಗಳಲ್ಲಿ ನನಗೆ ಉತ್ತರ ಬಾರದ ಪ್ರಶ್ನೆಗಳು ಎಷ್ಟೋ ಬಂದಿವೆ, ನಾಳೆ ಹೇಳುತ್ತೇನೆಂದು ಜಾರಿಕೊಂಡಿದ್ದೇನೆ. ಇದರಿಂದ ಜಾರಿಕೊಳ್ಳುವ ದಾರಿ ಕಾಣಲಿಲ್ಲ. ನನಗೆ ಅವತ್ತು ಬಹಳ ನಾಚಿಕೆಯಾಯಿತು.

“ಗುಡ್ಡದ ದೇವರ ಹೆಸರು ಅಂದಿದ್ರೆಲ್ಲ...” ಎಂದು ತೊದಲಿದೆ.

“ಹೌದ್ರೀ, ಗುಡ್ಡದ ದೇವ್ರು.”

“ಯಾವ ಗುಡ್ಡ ಯಮ್ಮಾ?”

ಓದಿದವರು ಇಂಥ ಪ್ರಶ್ನೆ ಕೇಳಬಹುದೆಂದು ಅವಳು ಎಣಿಸಿರಲಿಲ್ಲ. “ಗುಡ್ಡ ಅಂದ್ರ ಇನ್ಯಾವ್ದ್ರೀ? ಮಸ್ಕಿ ಗುಡ್ಡ!” ಎಂದಳು.

ಮಸ್ಕಿ ಗುಡ್ಡದ ಮೇಲೆ ಮಲ್ಲಯ್ಯನಿದ್ದಾನೆ. ನಾನು ಮೂರು ವರ್ಷದಿಂದ ಆ ಗುಡ್ಡದ ಬುಡದಲ್ಲೇ ಮನೆ ಮಾಡಿಕೊಂಡಿದ್ದವನು. ಬಾಗಿಲು ತೆಗೆದರೆ ಗುಡ್ಡ, ಕಿಟಕಿ ತೆಗೆದರೆ ಗುಡ್ಡ. ದಿನಾ ಹಲ್ಲು ತಿಕ್ಕಿದ್ದು ಅದನ್ನು ನೋಡುತ್ತಲೇ. ಆದರೂ ಅವಳು ಅವತ್ತು ಗುಡ್ಡ ಎಂದಾಗ ನನ್ನ ಮನಸ್ಸು ಬಸ್ಸು ಹತ್ತಿ ಲಿಂಗಸುಗೂರು ದಾಟಿ ಗುರುಗುಂಟಕ್ಕೆ ಹೋಗಿತ್ತು. ಬಾಡಿಗೆ ಮನೆಯ ಎದುರಿಗಿನ ಗುಡ್ಡ ಎಷ್ಟು ದೊಡ್ಡದಿದ್ದರೂ ನಮ್ಮದು ಅನ್ನಿಸುವುದಿಲ್ಲ. ಮನುಷ್ಯನಿಗೆ ಗುಡ್ಡ, ಹೊಳೆ, ಉಪ್ಪಿನಕಾಯಿ ಈ ಮೂರೂ ತಾನು ಹುಟ್ಟಿದ ಊರಿನವೇ ಗಟ್ಟಿ.

ನಾನು ಒಂದೊಂದೇ ಹೆಸರು ಹೇಳುತ್ತ ಹೋದೆ. ಮಲ್ಲಯ್ಯ? ಅವಳು ಅಲ್ಲಾಡಲಿಲ್ಲ. ಮಲ್ಲಿಕಾರ್ಜುನ? ಅಲ್ಲಾಡಲಿಲ್ಲ. ಮಲ್ಲಪ್ಪ? ಸೆರಗು ಬಾಯಿಗೆ ಹೋಯಿತು, ಮುಖ ಗೋಡೆಯ ಕಡೆ ತಿರುಗಿತು. ಅಷ್ಟು ಸಾಕಾಗಿತ್ತು. ಆದರೂ ಬುದ್ಧಿವಂತಿಕೆ ತೋರಿಸುವ ಚಟ ನನ್ನನ್ನು ಆ ಹೊತ್ತಿನಲ್ಲೂ ಬಿಡಲಿಲ್ಲ. “ಅವರು ಹೋಗಿ ನಾಲ್ಕು ವರ್ಷಾತು. ಈಗ ಹೆಸರು ಹೇಳಿದ್ರ ಆಯುಷ್ಯ ಕಮ್ಮಿ ಆಗೂದು ಏನೈತಿ ಯಮ್ಮಾ?” ಎಂದೆ.

“ಅದು ನನಗೂ ಗೊತ್ತೈತ್ರೀ” ಎಂದಳು ಹುಲಿಗೆಮ್ಮ. “ಮದುವ್ಯಾಗ ಒಡಪಿನ ಪದದಾಗ ಕೂಡಿಸಿ ಒಮ್ಮೆ ಹೇಳಿದ್ದೆ. ಆಮ್ಯಾಲ ಹೇಳೇ ಇಲ್ಲ. ಬಾಯಿಗೆ ರೂಢಿ ಇಲ್ರೀ.”

ಮನೆಗೆ ಹೋದವನು ನಮ್ಮಾಕೆಗೆ ಎಲ್ಲವನ್ನೂ ಹೇಳಿ, “ಎಲ್ಲಿ, ನೀ ಒಮ್ಮೆ ನನ್ನ ಹೆಸರು ಹಿಡಿದು ಕರಿ ನೋಡೋಣ” ಎಂದೆ. ಅವಳು ಏಳನೇ ತರಗತಿ ಪಾಸಾದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಹೇಳುವವಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಾಯಿ ತೆರೆದಳು, ಮುಚ್ಚಿದಳು, ನಕ್ಕಳು. “ರೇಷನ್ ಅಂಗಡ್ಯಾಗ ಕೇಳಿದ್ರ ಕಾರ್ಡ್ ತೋರಸ್ತೀನಿ, ಅಷ್ಟ ಸಾಕು” ಎಂದು ರೊಟ್ಟಿ ಬಡಿಯತೊಡಗಿದಳು. ಹೊದಿಕೆ ಎಳೆದು ಎಬ್ಬಿಸುವಾಗ ಅವಳು ನನ್ನನ್ನು ಏನೆಂದು ಕರೆಯುತ್ತಾಳೆ ಎಂದು ಅವತ್ತು ಮೊದಲ ಸಲ ಯೋಚಿಸಿದೆ. ಏನ್ರೀ ಎನ್ನುತ್ತಾಳೆ. ಅಷ್ಟರಿಂದಲೇ ನಾನು ಇಷ್ಟು ವರ್ಷ ಎದ್ದಿದ್ದೇನೆ.

ಆ ಶನಿವಾರ ಶಾಲೆ ಬಿಟ್ಟ ಮೇಲೆ ಫ್ಯಾನು ಇಳಿಸಿದೆ. ಮೋಟರನ್ನು ಕೈಚೀಲದಲ್ಲಿ ಹಾಕಿಕೊಂಡೆ, ಮೂರು ರೆಕ್ಕೆಗಳನ್ನು ಟವೆಲ್ಲಿನಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಸಿಂಧನೂರಿನ ಬಸ್ಸು ಹತ್ತಿದೆ. ಬಸ್ಸು ತುಂಬಿ ತುಳುಕುತ್ತಿತ್ತು. ಟವೆಲ್ಲು ಗಿಡ್ಡದಾಗಿ ಒಂದು ರೆಕ್ಕೆಯ ತುದಿ ಹೊರಗೆ ಕಾಣುತ್ತಿತ್ತು, ಅದರ ಮೇಲೆ ದೊಡ್ಡ ಕೆಂಪಕ್ಷರದಲ್ಲಿ ‘ದಿವಂಗತ’. ಅದನ್ನು ಓದಿದ ಒಬ್ಬ ರೈತರು ಸಟ್ಟನೆ ಎದ್ದು ತಮ್ಮ ಸೀಟು ಕೊಟ್ಟರು. “ಕುಂದರ್ರಿ ಮಾಸ್ತರ. ಯಾವಾಗ ಆತು?” ಎಂದು ದನಿ ತಗ್ಗಿಸಿ ಕೇಳಿದರು. ನಾಲ್ಕು ವರ್ಷವಾಯಿತು ಎಂದೆ. “ಇನ್ನೂ ದುಃಖ ಮಾಸಿಲ್ಲ ಪಾಪ” ಎಂದು ಪಕ್ಕದವರಿಗೆ ಹೇಳಿದರು. ಹಿಂದಿನ ಸೀಟಿನ ಹೆಣ್ಣುಮಗಳೊಬ್ಬಳು ಟವೆಲ್ಲಿನ ಸಂದಿಯಲ್ಲಿ ಬಗ್ಗಿ ನೋಡಿ ಅಮರಪ್ಪ ಎಂಬುದನ್ನೂ ಓದಿದಳು. ಹೆಸರು ಒಬ್ಬರಿಂದೊಬ್ಬರಿಗೆ ದಾಟಿ ಡ್ರೈವರನವರೆಗೆ ಹೋಯಿತು. ಲೋಕದಲ್ಲಿ ಇರದೇ ಹೋದ ಒಬ್ಬ ಅಮರಪ್ಪನಿಗಾಗಿ ಆ ಬಸ್ಸು ಸಿಂಧನೂರು ಮುಟ್ಟುವವರೆಗೂ ಲೊಚಗುಟ್ಟಿತು. ನಾನು ತಲೆ ತಗ್ಗಿಸಿ ಕೂತಿದ್ದೆ. ಅಳಿಸಿಹಾಕಲಿಕ್ಕೆ ಒಯ್ಯುತ್ತಿದ್ದೇನೆ ಎಂದು ಹೇಳುವ ಧೈರ್ಯ ಬರಲಿಲ್ಲ.

ಸಿಂಧನೂರಿನ ಮೆಕ್ಯಾನಿಕ್ ಮೌಲಾಸಾಬರು ಅಕ್ಕಿ ಗಿರಣಿಗಳ ಮೋಟರು ಸುತ್ತುವ ದೊಡ್ಡ ಕೈ. ನಮ್ಮ ಫ್ಯಾನನ್ನು ಅವರು ಮಗುವಿನ ನಾಡಿ ನೋಡುವಂತೆ ನೋಡಿದರು. ಮೊದಲು ಮೂಸಿ, “ಕುಸುಬಿ ಎಣ್ಣಿ ಯಾರ ಹಾಕ್ಯಾರ?” ಎಂದರು. ನಾನು ಅಂಗಡಿಯ ಹೊರಗೆ ಹೋಗುತ್ತಿದ್ದ ಎತ್ತಿನ ಗಾಡಿ ನೋಡಿದೆ.

“ಮೋಟರ್ ಗಟ್ಟಿ ಐತ್ರಿ ಸರ. ಕಂಡೆನ್ಸರ್ ಖಲಾಸ್ ಆಗೈತಿ” ಎಂದು ಹೆಬ್ಬೆರಳಿನಷ್ಟಿದ್ದ ಒಂದು ಡಬ್ಬಿಯನ್ನು ಕಿತ್ತು ತೋರಿಸಿದರು. “ಓಡಾಕ ಇದಕ್ಕ ಏನೂ ತಕ್ಲೀಫ್ ಇಲ್ಲ. ಶುರು ಆಗಾಕ ಒಂದು ಧಕ್ಕಾ ಬೇಕು, ಆ ಧಕ್ಕಾ ಕೊಡೂದು ಇದು. ಇದು ಸತ್ತ ಮ್ಯಾಲ ನೀವು ಕೊಡಾಕತ್ತೀರಿ. ಅಂದ್ರ ಇಷ್ಟು ದಿನ ನೀವ ಕಂಡೆನ್ಸರ್ ಆಗಿದ್ರಿ.”

ಆ ಹುದ್ದೆಯ ಬಗ್ಗೆ ನನಗೆ ಯಾರೂ ಆದೇಶ ಕೊಟ್ಟಿರಲಿಲ್ಲ. ಹೊಸ ಡಬ್ಬಿ ಕೂಡಿಸಲು ಅವರಿಗೆ ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ವರ್ಷವಿಡೀ ಮೇಜು ಹತ್ತಿ ಇಳಿದ ನನ್ನ ಮೊಣಕಾಲುಗಳು ಅದನ್ನು ನೋಡಿ ಏನೆಂದುಕೊಂಡವೋ. ಆಮೇಲೆ ರೆಕ್ಕೆ ಹಿಡಿದು ಪೇಂಟರನ ಹತ್ತಿರ ಹೋದೆ. ಅವನು ಅಮರಪ್ಪನನ್ನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿ ಉಜ್ಜಿ ತೆಗೆದ. ಈ ಸಲ ಚೀಟಿಯನ್ನು ಮೂರು ಸಲ ಓದಿ ಕೊಟ್ಟೆ. ಹೊಸ ಹೆಸರಿನಲ್ಲಿ ಒಂದು ಅಕ್ಷರ ಕಡಿಮೆ ಇದ್ದದ್ದರಿಂದ ರೆಕ್ಕೆ ಹಗುರಾಗಿ ಫ್ಯಾನು ವಾಲುತ್ತದೆಯೇ ಎಂದು ಹಿಂದಿರುಗಿ ಹೋಗಿ ಮೌಲಾಸಾಬರನ್ನು ಕೇಳಿದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಇಲ್ರೀ ಸರ, ವಾಲಂಗಿಲ್ಲ. ಆರಾಮ ಹೋಗ್ರಿ” ಎಂದರು.

ಸೋಮವಾರ ಫ್ಯಾನು ಮೇಲೇರಿತು. ಕರೆಂಟು ಹೋಯಿತು, ನಿಂತಿತು. ಕರೆಂಟು ಬಂತು, ತಾನಾಗಿಯೇ ಎದ್ದಿತು. ಮಕ್ಕಳು ನನ್ನ ಕಡೆ ನೋಡಿದವು. ನಾನು ಕೋಲು ಹಿಡಿದು ಅರ್ಧ ಮೇಜು ಹತ್ತಿದ್ದವನು ಭೂಪಟದ ಕಡೆಗೆ ತಿರುಗಿ ಏನೋ ತೋರಿಸಿ ಇಳಿದೆ.

ಹುಲಿಗೆಮ್ಮ ಬಂದದ್ದು ಮರುದಿನ. ಗದ್ದೆಯ ಕೆಲಸ ಬಿಟ್ಟು, ತೊಳೆದ ಸೀರೆ ಉಟ್ಟು, ಹೊಸ್ತಿಲಿನ ಹೊರಗೆ ಕೂತಳು. ಒಳಗೆ ಬಾ ಎಂದರೆ ಬರಲಿಲ್ಲ. ಎಂದೂ ಇಲ್ಲದ್ದು ಅವತ್ತು ಕರೆಂಟು ಹೋಗಲೊಲ್ಲದು. ಒಂದು ತಾಸು ಕಳೆಯಿತು. ಫ್ಯಾನು ಭರಭರ ತಿರುಗುತ್ತಲೇ ಇತ್ತು, ಮಲ್ಲಪ್ಪ ಕೆಂಪು ಗೆರೆಯಾಗಿ ತಿರುಗುತ್ತಿದ್ದ.

“ಚಲೋ ತಿರಗತೈತಿ” ಎಂದಳು ಕೊನೆಗೆ. ಆಮೇಲೆ, “ಇನ್ನ ಮ್ಯಾಲ ಇದು ಮಲಗಂಗೇ ಇಲ್ಲೇನ್ರೀ? ಹುಡುಗ್ರು ಓದೂದು ಹೆಂಗ?” ಎಂದಳು.

ರಿಪೇರಿ ಮಾಡಿಸಿದ ಉತ್ಸಾಹದಲ್ಲಿ ಇದು ನನಗೆ ಹೊಳೆದೇ ಇರಲಿಲ್ಲ. ನಾನು ಎದ್ದು ಹೋಗಿ ಸ್ವಿಚ್ಚು ಆರಿಸಿದೆ. ಫ್ಯಾನು ತನ್ನ ಸಾವಕಾಶದಲ್ಲಿ ನಿಧಾನವಾಯಿತು. ಗೆರೆ ಒಡೆದು ಅಕ್ಷರವಾಯಿತು, ಮೂರು ರೆಕ್ಕೆಗಳೂ ನಿಂತವು. ಒಂದನೇ ತರಗತಿಯ ಮಕ್ಕಳಿಗೆ ಓದಿ ಎಂದು ಹೇಳುವ ಅಗತ್ಯವೇ ಬೀಳಲಿಲ್ಲ. ಕತ್ತು ಹಿಂದಕ್ಕೆ ಹಾಕಿ ಶುರು ಮಾಡಿದವು. ದಿ, ವಂ, ಗ, ತ. ದಿವಂಗತ.

ಮ, ಎಂದವು ಮಕ್ಕಳು. ಹುಲಿಗೆಮ್ಮನ ತುಟಿ ಅಲುಗಿತು. ಮ ಎಂದಳು ಅವಳೂ, ಯಾರಿಗೂ ಕೇಳದಷ್ಟು ಸಣ್ಣಗೆ. ಮ ಎಂಬುದು ಯಾರ ಹೆಸರೂ ಅಲ್ಲ, ಅದನ್ನು ಯಾರು ಬೇಕಾದರೂ ಹೇಳಬಹುದು. ಲ್ಲ, ಎಂದವು ಮಕ್ಕಳು. ಲ್ಲ ಎಂದಳು. ಅದೂ ಯಾರ ಹೆಸರೂ ಅಲ್ಲ. ಪ್ಪ, ಎಂದವು, ಅವಳೂ ಎಂದಳು. ಮಕ್ಕಳು ಕೂಡಿಸಿ ಜೋರಾಗಿ ಕೂಗಿ ನಿಲ್ಲಿಸಿದವು. ಅವಳಿಗೆ ಕೂಡಿಸಿ ಓದುವ ವೇಗ ಗೊತ್ತಿರಲಿಲ್ಲ, ಒಂದು ಉಸಿರು ಹಿಂದೆ ಬಿದ್ದಳು. ಮೂವತ್ತು ದನಿ ನಿಂತ ಮೇಲೆ ಆ ಕೋಣೆಯಲ್ಲಿ ಒಂದೇ ಒಂದು ದನಿ ಉಳಿದಿತ್ತು.

“ಮಲ್ಲಪ್ಪ.”

ಕೈ ಬಾಯಿಗೆ ಹೋಯಿತು, ಆದರೆ ಮಾತು ಆಗಲೇ ಹೊರಗೆ ಬಂದಿತ್ತು. ಮಕ್ಕಳು ತಿರುಗಿ ಹೊಸ್ತಿಲ ಕಡೆ ನೋಡಿದವು. ಅವಳು ನನ್ನನ್ನು ನೋಡಿದಳು. ನಾನು ಏನೂ ಕೇಳಿಸದವನಂತೆ ಗೋಡೆಯ ಕಡೆ ತಿರುಗಿ, ಬಹಳ ಹೊತ್ತು ಸ್ವಿಚ್ಚು ಹುಡುಕಿದೆ.